ಗೊಣ್ಣೆ ದುಂಬಿ: ಬೆಳೆಗೆ ವೈರಿ, ಮೀನಿಗೆ ಎರೆ

ಭರಣಿ ಅಥವಾ ಕೃತ್ತಿಕಾ ಮಳೆ ಹದವಾಗಿ ಬಿದ್ದ ದಿನ, ಕತ್ತಲು ಕವಿಯುವ ಹೊತ್ತಿಗೆ ಹೊಲದ ಬದುವಿನ ಬೇವಿನ ಮರದ ಕೆಳಗೆ ನಿಂತರೆ ಮರದ ತುಂಬ ಗುಂಯ್ ಎನ್ನುವ ಸದ್ದು ಕೇಳಿಸುತ್ತದೆ. ಮಣ್ಣಿನೊಳಗಿದ್ದ ಗೊಣ್ಣೆ ಹುಳುವಿನ ದುಂಬಿಗಳು ಹೊರಬಂದು, ಎಲೆ ತಿನ್ನಲು ಮತ್ತು ಜೋಡಿಯಾಗಲು ಮರ ಸೇರುವ ಸದ್ದು ಅದು. ಈ ದುಂಬಿಗಳನ್ನು ಕೊಂಬೆ ಅಲುಗಾಡಿಸಿ ಕೆಡವಿ, ಸೀಮೆಎಣ್ಣೆ ಬೆರೆಸಿದ ನೀರಿನಲ್ಲಿ ಹಾಕಿ ಕೊಲ್ಲಬೇಕೆಂದು ರೈತರಿಗೆ ಬಹುಕಾಲದಿಂದ ಸಲಹೆ ನೀಡಲಾಗುತ್ತಿದೆ. ಸಲಹೆಯೇನೋ ಸರಿಯಾದದ್ದೇ. ಆದರೆ ಹಗಲೆಲ್ಲ ಬಿತ್ತನೆಯ ತಯಾರಿಯಲ್ಲಿ ದುಡಿದು ದಣಿದವರು ರಾತ್ರಿ ಮತ್ತೆ ಹೊಲಕ್ಕೆ ಹೋಗಿ ದುಂಬಿ ಆರಿಸುವುದು ಅಪರೂಪ. ಅದೇ ಮರದ ಕೆಳಗೆ, ಯಾರೂ ಹೇಳದಿದ್ದರೂ, ಡಬ್ಬಿ ಹಿಡಿದು ನಿಲ್ಲುವವರು ಊರಿನ ಗಾಳ ಹಾಕುವ ಹುಡುಗರು. ಅವರಿಗೆ ಬೇಕಾದದ್ದು ನಾಲ್ಕು ದುಂಬಿ. ಬೆಳೆಗೆ ಬೇಕಾದದ್ದು ಮರದ ಮೇಲಿನ ಎಲ್ಲ ದುಂಬಿಗಳ ನಾಶ. ಈ ಎರಡು ಕೆಲಸಗಳನ್ನು ಒಂದಾಗಿಸಲು ಸಾಧ್ಯವಿದೆ. ಸೀಮೆಎಣ್ಣೆಯನ್ನು ಮಾತ್ರ ಕೈಬಿಡಬೇಕಾಗುತ್ತದೆ.

ಕೀಟದ ಜೀವನಕ್ರಮ

ಬಯಲುಸೀಮೆಯಲ್ಲಿ ಶೇಂಗಾ, ಕಬ್ಬು, ಜೋಳ, ಮೆಣಸಿನಕಾಯಿ ಬೆಳೆಗಳ ಬೇರು ತಿನ್ನುವ ಗೊಣ್ಣೆ ಹುಳುಗಳಲ್ಲಿ ಮುಖ್ಯವಾದದ್ದು ಹೋಲೋಟ್ರೈಕಿಯಾ ಸೆರ್ರೇಟ. ಇದಕ್ಕೆ ವರ್ಷಕ್ಕೆ ಒಂದೇ ಪೀಳಿಗೆ. ಮುಂಗಾರು ಪೂರ್ವದ ಮಳೆ ಮಣ್ಣನ್ನು ತೋಯಿಸಿದೊಡನೆ ದುಂಬಿಗಳು ಸಂಜೆ ಏಳು, ಏಳೂವರೆಯ ಸುಮಾರಿಗೆ ಹೊರಬಂದು ಬೇವು, ಜಾಲಿ, ಬಾರೆ ಮರಗಳನ್ನು ಸೇರುತ್ತವೆ. ಬೆಳಗಾಗುವ ಮೊದಲೇ ಮಣ್ಣಿಗೆ ಮರಳುತ್ತವೆ. ಹೊರಬಂದ ಕೆಲವು ದಿನಗಳ ನಂತರ ಹೆಣ್ಣು ದುಂಬಿ ಮಣ್ಣಿನಲ್ಲಿ ಮೊಟ್ಟೆಯಿಡತೊಡಗುತ್ತದೆ. ಮೊಟ್ಟೆಯೊಡೆದ ಮರಿಹುಳುಗಳು ಮೊದಲು ಸಣ್ಣ ಬೇರುಗಳನ್ನೂ ಕೊಳೆತ ಕಸವನ್ನೂ ತಿಂದು, ಆಗಸ್ಟ್-ಸೆಪ್ಟೆಂಬರ್ ಹೊತ್ತಿಗೆ ಹೆಬ್ಬೆರಳು ಗಾತ್ರಕ್ಕೆ ಬೆಳೆದು, ಬೆಳೆಯನ್ನು ಬುಡಸಮೇತ ಹಾಳುಮಾಡುತ್ತವೆ. ಆಗ ಗಿಡವನ್ನು ಹಿಡಿದೆಳೆದರೆ ಬೇರಿಲ್ಲದೆ ಕೈಗೆ ಬರುತ್ತದೆ. ಆ ಹಂತದಲ್ಲಿ ಮಾಡಬಹುದಾದದ್ದು ಕಡಿಮೆ.

ಹಿಂದೆ ಈ ಹುಳುವಿಗೆ ಮಣ್ಣಿನಲ್ಲಿ ಬಿ.ಎಚ್.ಸಿ. ಪುಡಿ, ಆಮೇಲೆ ಫೋರೇಟ್ ಹರಳು ಹಾಕುವುದು ರೂಢಿಯಾಗಿತ್ತು. ಬಿ.ಎಚ್.ಸಿ. 1997ರಲ್ಲಿ ನಿಷೇಧಗೊಂಡಿತು, ಫೋರೇಟ್ ಬಳಕೆ 2020ರ ಡಿಸೆಂಬರ್ ಅಂತ್ಯಕ್ಕೆ ನಿಂತಿತು. ಆದ್ದರಿಂದ ಮೊಟ್ಟೆಯಿಡುವ ಮೊದಲೇ ದುಂಬಿಯನ್ನು ಹಿಡಿಯುವ ಹಳೆಯ ಉಪಾಯಕ್ಕೆ ಈಗ ಹೆಚ್ಚಿನ ಬೆಲೆ ಬಂದಿದೆ. ಮೊದಲ ಒಳ್ಳೆಯ ಮಳೆಯ ನಂತರದ ನಾಲ್ಕೈದು ರಾತ್ರಿಗಳು ನಿರ್ಣಾಯಕ. ಹತ್ತನೆಯ ರಾತ್ರಿ ಹಿಡಿದ ದುಂಬಿಯೂ ಗಾಳಕ್ಕೆ ಬರುತ್ತದೆ, ಆದರೆ ಅದು ಅಷ್ಟರಲ್ಲಿ ಹೊಲದಲ್ಲಿ ತನ್ನ ಕೆಲಸ ಮುಗಿಸಿರಬಹುದು.

ಮಲೆನಾಡಿನ ಅಡಿಕೆ ತೋಟಗಳ ಗೊಣ್ಣೆ ಹುಳು ಬೇರೆ ಜಾತಿಯದು, ಲ್ಯೂಕೋಫೋಲಿಸ್. ಇದರ ಒಂದು ಜಾತಿಗೆ ಜೀವನಚಕ್ರ ಮುಗಿಸಲು ಎರಡು ವರ್ಷ ಬೇಕು. ಇದರ ದುಂಬಿಗಳು ಮಳೆಗಾಲದ ಆರಂಭದಲ್ಲಿ ಮುಸ್ಸಂಜೆ ಸ್ವಲ್ಪ ಹೊತ್ತು ಮಾತ್ರ ಹಾರಾಡುತ್ತವೆ. ಬೇವಿನ ಮರದ ಉಪಾಯ ಇಲ್ಲಿ ನಡೆಯದು. ತೋಟದಲ್ಲೇ ನಿಂತು ಕೈಬಲೆಯಿಂದ ಹಿಡಿಯಬೇಕು, ಅಥವಾ ಮಳೆ ಇಳಿದ ಮೇಲೆ ಬುಡ ಅಗೆದು ಹುಳು ಆರಿಸಬೇಕು. ಹೀಗೆ ಆರಿಸಿದ ಹುಳು ಒಳ್ಳೆಯ ಎರೆಯಾಗುತ್ತದೆ.

ಮೀನಿಗೆ ದುಂಬಿ ಏಕೆ ಇಷ್ಟ?

ಕನ್ನಡದಲ್ಲಿ ಎರೆ ಎಂದರೆ ಗಾಳಕ್ಕೆ ಸಿಕ್ಕಿಸುವ ತಿನಿಸು. ಎರೆಹುಳುವಿಗೆ ಆ ಹೆಸರು ಬಂದದ್ದೂ ಇದರಿಂದಲೇ ಎನ್ನಬಹುದು. ಆದರೆ ನೆಲ ಒಣಗಿರುವ ಬೇಸಿಗೆಯ ಕೊನೆಯಲ್ಲಿ ಎರೆಹುಳು ಆಳಕ್ಕಿಳಿದಿರುತ್ತದೆ, ಸುಲಭವಾಗಿ ಸಿಗುವುದಿಲ್ಲ. ಕೆರೆಗಳಲ್ಲಿ ನೀರು ಕುಗ್ಗಿ ಮೀನು ಒತ್ತಾಗಿರುವ ಕಾಲವೂ ಅದೇ. ಅಂಥ ಹೊತ್ತಿನಲ್ಲಿ ಮೊದಲ ಮಳೆಯೊಂದಿಗೆ ದುಂಬಿ, ರೆಕ್ಕೆ ಬಂದ ಗೆದ್ದಲು ಅಂದರೆ ಈಸಲು ಹುಳು, ಚಿಮ್ಮಂಡೆಗಳು ಹೊರಬಂದು ನೀರಿಗೂ ಬೀಳುತ್ತವೆ. ಮೀನು ಅವುಗಳಿಗಾಗಿ ಮೇಲೆ ಬರುತ್ತದೆ.

ಎಲ್ಲ ಮೀನೂ ಬರುವುದಿಲ್ಲ. ಕಾಟ್ಲಾ ಮೀನು ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳನ್ನು ಸೋಸಿ ತಿನ್ನುವಂಥದು. ದೊಡ್ಡ ದುಂಬಿ ಅದರ ಆಹಾರವಲ್ಲ. ದುಂಬಿಗೆ ಎಗರುವುದು ಕೊರವ, ಕುಚ್ಚು ಎಂದು ಊರಿಗೊಂದು ಹೆಸರಿನಿಂದ ಕರೆಯುವ ಮರಲ್ ಜಾತಿಯ ಮೀನು. ಇದು ಜೊಂಡಿನ ಅಂಚಿನಲ್ಲಿ ಹೊಂಚುಹಾಕಿ ನಿಂತು, ಮೇಲೆ ಒದ್ದಾಡುವ ಯಾವುದನ್ನಾದರೂ ಥಟ್ಟನೆ ಕಚ್ಚುತ್ತದೆ. ತಳದಲ್ಲಿ ತಡಕಾಡುವ ಸಾಮಾನ್ಯ ಗೆಂಡೆ ಮತ್ತು ಮೀಸೆ ಮೀನುಗಳಿಗೆ ದುಂಬಿಗಿಂತ ಮೆತ್ತಗಿನ ಮರಿಹುಳು ಉತ್ತಮ. ಹಳ್ಳದ ಸಣ್ಣ ಮೀನುಗಳಿಗೆ ಒಂದು ಸಣ್ಣ ಗಾಳಕ್ಕೆ ಎರಡು ಮೂರು ಈಸಲು ಹುಳು ಸಾಕು.

ಇದು ನಮ್ಮ ದೇಶಕ್ಕಷ್ಟೇ ಸೀಮಿತವಾದ ಸಂಗತಿಯಲ್ಲ. ಅಮೆರಿಕದ ಕೆರೆಗಳಲ್ಲಿ ಬಾಸ್ ಎಂಬ ಮೀನಿಗೆ ಗಾಳ ಹಾಕುವುದು ದೊಡ್ಡ ಹವ್ಯಾಸ. ಬಾಸ್ ಕೂಡ ಕೊರವದಂತೆ ಹೊಂಚುಹಾಕುವ ಮೀನು. ಅಲ್ಲಿ ಮೇ-ಜೂನ್ ತಿಂಗಳಲ್ಲಿ ದೀಪಕ್ಕೆ ಮುತ್ತುವ 'ಜೂನ್ ದುಂಬಿ'ಯನ್ನೂ ಅದರ ಬಿಳಿ ಮರಿಹುಳುವನ್ನೂ, ಮಿಡತೆ ಮತ್ತು ಚಿಮ್ಮಂಡೆಗಳನ್ನೂ ಎರೆಯಾಗಿ ಬಳಸುತ್ತಾರೆ. ಜೂನ್ ದುಂಬಿ ನಮ್ಮ ಗೊಣ್ಣೆ ದುಂಬಿಯ ಹತ್ತಿರದ ಬಂಧು. ಅದರ ಮರಿಹುಳು ಅಲ್ಲಿನ ಮೆಕ್ಕೆಜೋಳದ ಬೇರು ತಿನ್ನುತ್ತದೆ. ಬಾಸ್ ಮೀನನ್ನು ಇಲ್ಲಿಗೆ ತರುವ ಅಗತ್ಯವಿಲ್ಲ, ತರಲೂಬಾರದು. ಹೊಂಚುಹಾಕುವ ಮೀನು ನಮ್ಮ ಕೆರೆಗಳಲ್ಲೇ ಇದೆ.

ಹಿಡಿಯುವ ವಿಧಾನ

ಮರದ ಕೆಳಗೆ ತಾಡಪತ್ರಿ ಅಥವಾ ಹಳೆಯ ಸೀರೆ ಹಾಸಿ, ರಾತ್ರಿ ಎಂಟರ ನಂತರ ಉದ್ದನೆಯ ಕೊಕ್ಕೆ ಕೋಲಿನಿಂದ ಕೊಂಬೆಗಳನ್ನು ಜೋರಾಗಿ ಅಲುಗಾಡಿಸಬೇಕು. ತಿನ್ನುವುದರಲ್ಲಿ ಮತ್ತು ಜೋಡಿಯಾಗುವುದರಲ್ಲಿ ಮಗ್ನವಾಗಿರುವ ದುಂಬಿಗಳು ಉದುರುತ್ತವೆ. ಎರೆಗೆ ಬೇಕಾದಷ್ಟನ್ನು ಬಾಯಿಗೆ ತೆಳುಬಟ್ಟೆ ಕಟ್ಟಿದ ಮಡಕೆಯಲ್ಲಿ ನಾಲ್ಕು ಬೇವಿನ ಸೊಪ್ಪಿನೊಡನೆ ಇಟ್ಟರೆ ಕೆಲವು ದಿನ ಜೀವಂತವಾಗಿರುತ್ತವೆ. ಉಳಿದವನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಬಿಗಿದು, ಕುದಿಯುವ ನೀರಿನಲ್ಲಿ ಮುಳುಗಿಸಿದರೆ ತಕ್ಷಣ ಸಾಯುತ್ತವೆ. ಸೀಮೆಎಣ್ಣೆ ತಾಗಿದ ದುಂಬಿ ಯಾವ ಮೀನಿಗೂ, ಕೋಳಿಗೂ ಯೋಗ್ಯವಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ದುಂಬಿ ನಿಯಂತ್ರಣಕ್ಕೆಂದು ಬೇವಿನ ಮರಗಳಿಗೆ ಕೀಟನಾಶಕ ಸಿಂಪಡಿಸುವ ಪದ್ಧತಿಯೂ ಇದೆ. ಅಂಥ ಮರದಡಿ ಮರುದಿನ ಬೆಳಿಗ್ಗೆ ಮೈಮರೆತು ಬಿದ್ದಿರುವ ದುಂಬಿಗಳು ಆರಿಸಲು ಬಹಳ ಸುಲಭ, ಮಕ್ಕಳು ಆರಿಸಿಯೂ ಬಿಡುತ್ತಾರೆ. ಅವು ವಿಷ ತಿಂದ ದುಂಬಿಗಳು. ಪೈರೆಥ್ರಾಯ್ಡ್ ಗುಂಪಿನ ಕೀಟನಾಶಕಗಳಂತೂ ಅತ್ಯಲ್ಪ ಪ್ರಮಾಣದಲ್ಲೂ ಮೀನಿಗೆ ಮಾರಕ. ಒಂದು ಬುಟ್ಟಿ ವಿಷದ ದುಂಬಿ ಕೃಷಿ ಹೊಂಡದ ಮೀನನ್ನೆಲ್ಲ ತೇಲಿಸಬಹುದು. ಮರಕ್ಕೆ ಔಷಧ ಹೊಡೆದವರು ಅದನ್ನು ಅಕ್ಕಪಕ್ಕದವರಿಗೆ ತಿಳಿಸಬೇಕು, ಮರಕ್ಕೆ ಕೆಂಪು ಬಟ್ಟೆ ಕಟ್ಟಿದರೆ ಇನ್ನೂ ಒಳ್ಳೆಯದು. ಔಷಧ ಹೊಡೆಯುವುದು ಅಥವಾ ಎರೆ ಹಿಡಿಯುವುದು, ಒಂದು ಮರಕ್ಕೆ ಎರಡರಲ್ಲಿ ಒಂದೇ.

ಮರಗಳಿಲ್ಲದ ಕಡೆ ದೀಪದ ಬಲೆ ಹಾಕಬಹುದು. ಆದರೆ ದೀಪಕ್ಕೆ ಬರುವ ಎಲ್ಲವೂ ಗೊಣ್ಣೆ ದುಂಬಿಯಲ್ಲ. ನೀರು ದುಂಬಿ, ನೀರು ತಿಗಣೆ, ಬೆನ್ನಡಿಯಾಗಿ ಈಜುವ ಸಣ್ಣ ತಿಗಣೆಗಳೂ ಬರುತ್ತವೆ. ಇವು ಮೀನುಮರಿಗಳನ್ನೇ ಹಿಡಿದು ತಿನ್ನುತ್ತವೆ. ಮೀನುಮರಿ ಸಾಕುವ ಕೊಳದ ದಡದಲ್ಲಿ ಹುಳು ಬೀಳಲೆಂದು ದೀಪ ತೂಗುಹಾಕುವವನು ಕಳ್ಳನಿಗೆ ದಾರಿ ತೋರಿಸಿದಂತಾಗುತ್ತದೆ. ದೀಪ ಕೊಳದಿಂದ ದೂರ, ಹೊಲದಲ್ಲಿರಲಿ. ಕತ್ತಲಾದ ಮೇಲೆ ಎರಡು ಮೂರು ಗಂಟೆ ಉರಿದರೆ ಸಾಕು. ರಾತ್ರಿಯಿಡೀ ಉರಿಸಿದರೆ ಉಪಕಾರಿ ಕೀಟಗಳೇ ಹೆಚ್ಚು ಸಾಯುತ್ತವೆ.

ಗಾಳಕ್ಕೆ ಸಿಕ್ಕಿಸುವುದು

ಕೊರವಕ್ಕೆ ದುಂಬಿ ಜೀವಂತವಾಗಿರಬೇಕು, ಕಾಲು ಆಡಿಸುತ್ತಿರಬೇಕು. ಗಾಳದ ಮೊನೆಯನ್ನು ಹೊಟ್ಟೆಗೆ ಚುಚ್ಚಿದರೆ ದುಂಬಿ ಬೇಗ ಸಾಯುತ್ತದೆ, ಕಳಚಿಯೂ ಹೋಗುತ್ತದೆ. ಕತ್ತಿನ ಗಟ್ಟಿ ಫಲಕ ಮತ್ತು ರೆಕ್ಕೆಯ ಚಿಪ್ಪು ಸೇರುವ ಸಂದಿಯಲ್ಲಿ ಮೊನೆ ತೂರಿಸಿ ಹೊರತೆಗೆಯಬೇಕು. ಸೀಸದ ಗುಂಡು ಬೇಡ. ಜೊಂಡಿನ ಅಂಚಿಗೆ ಮೆಲ್ಲಗೆ ಬಿಟ್ಟರೆ ದುಂಬಿಯೇ ನೀರಿನ ಮೇಲೆ ಒದ್ದಾಡಿ ಮೀನನ್ನು ಕರೆಯುತ್ತದೆ. ಸೂರ್ಯ ಮುಳುಗುವ ಹೊತ್ತು ಇದಕ್ಕೆ ಉತ್ತಮ.

ಬಿಳಿ ಮರಿಹುಳು ಬಹಳ ಮೆದು. ತಲೆಯ ಹಿಂದೆ ಒಂದೇ ಕಡೆ ಚುಚ್ಚಿ, ಬೀಸಿ ಎಸೆಯದೆ ಇಳಿಬಿಡಬೇಕು. ತಿಪ್ಪೆಗುಂಡಿಯಲ್ಲಿ ಸಿಗುವ ದಪ್ಪ ಹುಳುಗಳಲ್ಲಿ ಹೆಚ್ಚಿನವು ತೆಂಗಿನ ಸುಳಿ ಕೊರೆಯುವ ರೈನೋಸರಸ್ ದುಂಬಿಯ ಮರಿಗಳು. ಗೊಬ್ಬರ ತೆಗೆಯುವಾಗ ಇವನ್ನು ಆರಿಸಿದರೆ ತೆಂಗಿಗೂ ಲಾಭ, ದೊಡ್ಡ ಮೀನಿಗೂ ಎರೆ. ಮಿಡತೆಯನ್ನು ಹಿಡಿಯಲು ಓಡಾಡಬೇಕಿಲ್ಲ. ಇಬ್ಬನಿ ಆರುವ ಮೊದಲು ಹೋದರೆ ಮೈ ಮರಗಟ್ಟಿ ಕುಳಿತಿರುತ್ತದೆ.

ತೊಗರಿ, ಹೆಸರು, ದಾಸವಾಳದ ಹೂ ತಿನ್ನುವ, ಕಪ್ಪು ರೆಕ್ಕೆಯ ಮೇಲೆ ಕಿತ್ತಳೆ ಬಣ್ಣದ ಅಡ್ಡಪಟ್ಟಿಗಳಿರುವ ದುಂಬಿಯನ್ನು ಮಾತ್ರ ಮುಟ್ಟಬಾರದು. ಅದರ ಮೈಯಿಂದ ಒಸರುವ ರಸ ತಾಗಿದಲ್ಲಿ ಚರ್ಮ ಬೊಬ್ಬೆಯೇಳುತ್ತದೆ. ಗುಲಗಂಜಿ ಹುಳು, ಸಗಣಿ ದುಂಬಿ, ಕೊಡತಿ ಹುಳುಗಳು ರೈತನ ಕೆಲಸದಾಳುಗಳು, ಎರೆಯಲ್ಲ. ಹಸಿರು ಬೂಷ್ಟು ಹಿಡಿದು ಸತ್ತ ಗೊಣ್ಣೆ ಹುಳು ಕಂಡರೆ ಅದನ್ನೂ ಮಣ್ಣಿನಲ್ಲೇ ಬಿಡಬೇಕು. ಅದು ಮೆಟಾರೈಜಿಯಂ ಶಿಲೀಂಧ್ರ ತಗಲಿದ ಹುಳು. ಅದರಿಂದ ರೋಗ ಉಳಿದ ಹುಳುಗಳಿಗೂ ಹರಡುತ್ತದೆ.

ಕೃಷಿ ಹೊಂಡದ ಮೀನಿಗೆ

2014ರಲ್ಲಿ ಕೃಷಿಭಾಗ್ಯ ಯೋಜನೆ ಆರಂಭವಾದ ಮೇಲೆ ಒಣಭೂಮಿಯಲ್ಲಿ ಕೃಷಿ ಹೊಂಡಗಳು ಹೆಚ್ಚಿದವು, ಕೆಲವರು ಅವುಗಳಲ್ಲಿ ಮೀನುಮರಿಯನ್ನೂ ಬಿಡುತ್ತಿದ್ದಾರೆ. ಬುಟ್ಟಿಗಟ್ಟಲೆ ಸಿಕ್ಕ ದುಂಬಿಯನ್ನು ಅವರು ಆಹಾರವಾಗಿ ಬಳಸಬಹುದು. ಒಣಗಿದ ಕೀಟದಲ್ಲಿ ಸಾಮಾನ್ಯವಾಗಿ ಶೇ. 40ರಿಂದ 60ರಷ್ಟು ಸಸಾರಜನಕ ಇರುತ್ತದೆ. ತೊಡಕೆಂದರೆ ದುಂಬಿ ಸಿಗುವುದು ಮೇ ತಿಂಗಳಲ್ಲಿ, ಹೊಂಡ ತುಂಬಿ ಮರಿ ಬಿಡುವುದು ಜುಲೈ-ಆಗಸ್ಟ್‌ನಲ್ಲಿ. ಆದ್ದರಿಂದ ಬಿಸಿನೀರಿನಲ್ಲಿ ಕೊಂದ ದುಂಬಿಯನ್ನು ಬಿಸಿಲಿಗೆ ಗರಿಗರಿಯಾಗಿ ಒಣಗಿಸಿ, ಕುಟ್ಟಿ, ಚಿಪ್ಪು ಮತ್ತು ಕಾಲುಗಳನ್ನು ಮೊರದಲ್ಲಿ ಕೇರಿ ತೆಗೆದು, ಗಾಳಿಯಾಡದ ಡಬ್ಬಿಯಲ್ಲಿಡಬೇಕು. ಜಿಡ್ಡು ಹೆಚ್ಚಿರುವುದರಿಂದ ಎರಡು ತಿಂಗಳಿಗಿಂತ ಹೆಚ್ಚು ಕಾಲ ಇಡದಿರುವುದು ಲೇಸು. ಕಮಟು ವಾಸನೆ ಬಂದದ್ದನ್ನು ಹಾಕಬಾರದು.

ಮೀನಿಗೆ ಸಾಮಾನ್ಯವಾಗಿ ಅಕ್ಕಿ ತೌಡು ಮತ್ತು ಶೇಂಗಾ ಹಿಂಡಿಯನ್ನು ಸಮಭಾಗ ಬೆರೆಸಿ, ಬೆಳೆಯುವ ಹಂತದಲ್ಲಿ ಮೀನಿನ ಒಟ್ಟು ತೂಕದ ಶೇ. 2ರಿಂದ 3ರಷ್ಟನ್ನು ದಿನಕ್ಕೆ ಕೊಡಲಾಗುತ್ತದೆ. ಇದರಲ್ಲಿ ಹಿಂಡಿಯ ಕಾಲು ಭಾಗದವರೆಗೆ ದುಂಬಿಪುಡಿಯಿಂದ ತುಂಬಿ ನೋಡಬಹುದು. ತಿಂದು ಉಳಿದದ್ದು ನೀರಿನಲ್ಲಿ ಕೊಳೆತರೆ ಆಮ್ಲಜನಕ ಕುಗ್ಗಿ ಮೀನು ಬೆಳಗಿನ ಜಾವ ಬಾಯಿ ಬಿಡುತ್ತದೆ. ಹಾಗಾದರೆ ಆಹಾರವನ್ನು ಕೂಡಲೇ ನಿಲ್ಲಿಸಬೇಕು.

ಕೆರೆಯಲ್ಲಿ ಗಾಳ ಹಾಕುವವರಿಗೆ

ಊರ ಕೆರೆಯ ಮೀನಿನ ಹಕ್ಕು ಬಹುಮಟ್ಟಿಗೆ ಗುತ್ತಿಗೆದಾರರದು ಅಥವಾ ಮೀನುಗಾರರ ಸಹಕಾರ ಸಂಘದ್ದಾಗಿರುತ್ತದೆ. ಅವರನ್ನು ಕೇಳಿಯೇ ಗಾಳ ಹಾಕಬೇಕು. ಮಳೆಗಾಲದಲ್ಲಿ ಕೆಂಪು ಬಣ್ಣದ ಪುಟ್ಟ ಮರಿಗಳ ಗುಂಪು ನೀರಿನ ಮೇಲೆ ಒಟ್ಟಾಗಿ ಸುಳಿದಾಡುವುದು ಕಂಡರೆ ಕೆಳಗೆ ತಾಯಿ ತಂದೆ ಕೊರವ ಕಾವಲಿರುತ್ತವೆ ಎಂದೇ ತಿಳಿಯಬೇಕು. ಆಗ ಎರೆ ಬಿಟ್ಟರೆ ಅವು ಸಿಟ್ಟಿನಿಂದ ಕಚ್ಚುತ್ತವೆ, ಸುಲಭವಾಗಿ ಸಿಗುತ್ತವೆ. ಆದರೆ ಒಂದು ಹೊತ್ತಿನ ಸಾರಿಗಾಗಿ ಕಾವಲಿನ ಮೀನನ್ನು ಎತ್ತಿದರೆ ಆ ಗುಂಪಿನ ಮರಿಗಳು ಬೇರೆ ಮೀನಿನ ಪಾಲಾಗುತ್ತವೆ.

ಗಾಳ ಮುಗಿಸಿ ಏಳುವಾಗ ಉಳಿದ ಹುಳುಗಳನ್ನು ಏರಿಯ ಮೇಲೆ ಚೆಲ್ಲಿ ಬರುವ ಅಭ್ಯಾಸ ಬಹಳ ಕಡೆ ಇದೆ. ಏರಿಯ ಕೆಳಗೇ ಕಬ್ಬಿನ ಗದ್ದೆಯೋ ಅಡಿಕೆ ತೋಟವೋ ಇರುತ್ತದೆ. ಹೊಟ್ಟೆಯಲ್ಲಿ ಮೊಟ್ಟೆ ಹೊತ್ತ ಹತ್ತು ಹೆಣ್ಣು ದುಂಬಿ ಅಲ್ಲಿಗೆ ಇಳಿದರೆ, ಇಷ್ಟು ವರ್ಷ ಗೊಣ್ಣೆಯ ಕಾಟವಿಲ್ಲದ ಗದ್ದೆಗೂ ಅದನ್ನು ಕೈಯಾರೆ ಬಿತ್ತಿದಂತೆ. ಒಂದು ಊರಿನ ಹುಳುವನ್ನು ಎರೆಗೆಂದು ಇನ್ನೊಂದು ಊರಿನ ಕೆರೆಗೆ ಒಯ್ಯುವುದರಲ್ಲೂ ಇದೇ ಅಪಾಯವಿದೆ. ಉಳಿದ ಎರೆಯನ್ನು ಡಬ್ಬಿಯ ಮುಚ್ಚಳ ಬಿಗಿದು ಮನೆಗೆ ತಂದು, ಬಿಸಿನೀರು ಸುರಿದು, ಕೋಳಿಗಳ ಮುಂದೆ ಹಾಕಬೇಕು.