ಕಾಶಿ ಕಡೆಯಿಂದ ಬಂದ ಕೆಲಸಗಾರನ ಹಕ್ಕು

ಕಾಶಿಯಾತ್ರೆಗೆ ಸಂಘಮಿತ್ರ ಎಕ್ಸ್‌ಪ್ರೆಸ್ ಹಿಡಿದ ನಮ್ಮವರು ಇಳಿಯುವುದು ಮೊಘಲ್‌ಸರಾಯಿಯಲ್ಲಿ, ಅಂದರೆ ಈಗಿನ ದೀನದಯಾಳ್ ಉಪಾಧ್ಯಾಯ ಜಂಕ್ಷನ್‌ನಲ್ಲಿ. ಬೆಂಗಳೂರಿಗೆ ತಿರುಗಿ ಬರುವ ಅದೇ ಗಾಡಿಯ ಜನರಲ್ ಬೋಗಿಗೆ ವಾರಾಣಸಿ, ಚಂದೌಲಿ, ಗಾಜೀಪುರದ ಹುಡುಗರು ಹತ್ತುತ್ತಾರೆ. ನಾವು ಗಂಗಾಜಲದ ತಂಬಿಗೆ ಹಿಡಿದು ಮನೆ ಸೇರುತ್ತೇವೆ, ಅವರು ಸೆಂಟ್ರಿಂಗ್, ಟೈಲ್ಸ್, ಪೇಂಟಿಂಗ್ ಕೆಲಸದ ಶೆಡ್ಡು ಸೇರುತ್ತಾರೆ.

ಈ ಹುಡುಗರು ಇಲ್ಲಿ ಯಾರ ದಯೆಯಿಂದಲೂ ಇಲ್ಲ. ಸಂವಿಧಾನದ 19ನೇ ವಿಧಿ ದೇಶದ ಯಾವ ಮೂಲೆಗಾದರೂ ಹೋಗುವ, ಅಲ್ಲಿ ನೆಲೆಸುವ, ದುಡಿಯುವ ಹಕ್ಕನ್ನು ಪ್ರತಿ ನಾಗರಿಕನಿಗೂ ಕೊಟ್ಟಿದೆ. ಹೋಗುವ ಹಕ್ಕಿನಲ್ಲಿ ಊರಿಗೆ ಮರಳುವ ಹಕ್ಕೂ ಇದೆ. ಇದನ್ನು ಒತ್ತಿ ಹೇಳಲು ಕಾರಣವಿದೆ. ಕೋವಿಡ್ ಲಾಕ್‌ಡೌನಿನ ನಡುವೆ, 2020ರ ಮೇ 5ರಂದು, ಬಿಲ್ಡರ್‌ಗಳ ಜೊತೆ ಮುಖ್ಯಮಂತ್ರಿಗಳ ಸಭೆ ನಡೆದ ದಿನವೇ, ಕಾರ್ಮಿಕರನ್ನು ಊರಿಗೆ ಒಯ್ಯುವ ಶ್ರಮಿಕ್ ರೈಲುಗಳು ಬೇಡವೆಂದು ಕರ್ನಾಟಕ ಸರ್ಕಾರ ರೈಲ್ವೆಗೆ ಪತ್ರ ಬರೆಯಿತು. ದೇಶವೆಲ್ಲ ಟೀಕಿಸಿದ ಮೇಲೆ ನಿರ್ಧಾರ ಬದಲಾಯಿತು. ಟಿಕೆಟ್ಟಿಗೆ ದುಡ್ಡಿಲ್ಲ ಎಂಬ ಒಂದೇ ಕಾರಣಕ್ಕೆ ಯಾರೂ ಊರಿಗೆ ಹೋಗುವ ಅವಕಾಶ ಕಳೆದುಕೊಳ್ಳಬಾರದು ಎಂದು ನಮ್ಮ ಹೈಕೋರ್ಟ್ ಆಗ ಹೇಳಿತು. ಆ ದಿನಗಳಲ್ಲಿ ನಮ್ಮ ರಾಜ್ಯ ನಡೆದುಕೊಂಡ ರೀತಿ ತಪ್ಪು, ಅದನ್ನು ಮರೆಯಬಾರದು.

23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತದೆ. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪು ಕೊಟ್ಟಿದೆ: ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸುವುದೂ ಬಲವಂತದ ದುಡಿಮೆಯೇ. ಮುಂಗಡ ತೀರುವ ತನಕ ಹೊರಗೆ ಹೋಗಕೂಡದು ಎಂದು ಕೂಡಿಹಾಕಿದರೆ ಅದು 1976ರ ಜೀತಪದ್ಧತಿ ರದ್ದತಿ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಆಗ ನೇರವಾಗಿ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ದೂರು ಕೊಡಬೇಕು.

ಅಂತರರಾಜ್ಯ ವಲಸೆ ಕಾರ್ಮಿಕರಿಗೆಂದೇ 1979ರ ಕಾಯ್ದೆಯೊಂದಿತ್ತು. 2025ರ ನವೆಂಬರ್ 21ರಿಂದ ಅದರ ಜಾಗಕ್ಕೆ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಹಳೆಯ ಕಾಯ್ದೆ ಗುತ್ತಿಗೆದಾರ ಕರೆತಂದವರನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಿತ್ತು. ಹೊಸದು, ತಾನಾಗಿ ರೈಲು ಹತ್ತಿ ಬಂದು ಕೆಲಸ ಹುಡುಕಿಕೊಂಡವನನ್ನೂ ವಲಸೆ ಕಾರ್ಮಿಕ ಎನ್ನುತ್ತದೆ. ತಿಂಗಳ ವೇತನ 18,000 ರೂಪಾಯಿ ಮೀರಿರಬಾರದು, ಅಷ್ಟೆ. ಇಂಥ ಹತ್ತು ಅಥವಾ ಹೆಚ್ಚು ಮಂದಿ ಇರುವ ಸಂಸ್ಥೆ ಊರಿಗೆ ಹೋಗಿಬರುವ ಖರ್ಚನ್ನು ನಿಯಮದಂತೆ ಕೊಡಬೇಕು. ಸಾವು ಅಥವಾ ಗಂಭೀರ ಗಾಯವಾದರೆ ಎರಡೂ ರಾಜ್ಯಗಳ ಅಧಿಕಾರಿಗಳಿಗೂ ಮನೆಯವರಿಗೂ ತಿಳಿಸಬೇಕು. ಆದರೆ ಊರು ಬಿಟ್ಟು ಬಂದದ್ದಕ್ಕೆಂದು ಹಳೆಯ ಕಾಯ್ದೆ ಕೊಡಿಸುತ್ತಿದ್ದ ಭತ್ಯೆ ಹೊಸದರಲ್ಲಿಲ್ಲ. ಇದು ಕಾರ್ಮಿಕರಿಗೆ ಆದ ನಷ್ಟ ಎಂದೇ ನನ್ನ ಅಭಿಪ್ರಾಯ.

ಹೆಚ್ಚಿನ ಜಗಳ ಹುಟ್ಟುವುದು ಬಟವಾಡೆಯಲ್ಲಿ. ಈ ಕೆಲಸಗಾರರ ಜೇಬಿನಲ್ಲಿ ಅಂಗೈಯಗಲದ ಹಾಜರಿ ಡೈರಿ ಇರುತ್ತದೆ. ಸಿಮೆಂಟಿನ ಬೆರಳಚ್ಚು ಬಿದ್ದ ಹಾಳೆ, ದಿನಕ್ಕೊಂದು ಗೀಟು, ಅರ್ಧ ದಿನಕ್ಕೆ ಅರ್ಧ ಗೀಟು, ಶನಿವಾರದ ಎದುರಿಗೆ ಖರ್ಚಿಗೆ ಪಡೆದ 500. ಈ ಡೈರಿಯನ್ನು ಜೋಪಾನ ಮಾಡಬೇಕು. ಅದರ ಮೊದಲ ಪುಟದಲ್ಲಿ ಮೇಸ್ತ್ರಿಯ ಹೆಸರು, ಫೋನ್ ನಂಬರು, ಸೈಟಿನ ಬೋರ್ಡಿನಲ್ಲಿರುವ ಕಂಪನಿಯ ಹೆಸರು, ಕೆಲಸಕ್ಕೆ ಸೇರಿದ ತಾರೀಕು ಬರೆದಿಡಿ. ಬೋರ್ಡಿನ ಫೋಟೊ ಒಂದನ್ನು ತೆಗೆದು ಮನೆಯವರಿಗೂ ಕಳಿಸಿ. ವೇತನ ಸಂಹಿತೆಯ ಪ್ರಕಾರ, ಕೂಲಿ ಬಾಕಿಯೆಂದು ಅರ್ಜಿ ಹಾಕಿದಾಗ ಕೊಟ್ಟಿದ್ದೇನೆಂದು ರುಜುವಾತು ಮಾಡಬೇಕಾದವನು ಮಾಲೀಕ. ಆದರೆ ಎಲ್ಲಿ, ಯಾರ ಬಳಿ ದುಡಿದೆ ಎಂಬುದನ್ನು ತೋರಿಸಲು ಈ ಡೈರಿಯೇ ಆಸರೆ.

ಕೆಲಸ ಬಿಟ್ಟರೆ ಎರಡು ಕೆಲಸದ ದಿನಗಳೊಳಗೆ ಲೆಕ್ಕ ಚುಕ್ತಾ ಆಗಬೇಕು. ಗುತ್ತಿಗೆದಾರ ಕೊಡದೆ ಪರಾರಿಯಾದರೆ ಸಂಸ್ಥೆಯ ಮಾಲೀಕನೇ ಹೊಣೆ. ಬಾಕಿಗೆ ಅರ್ಜಿ ಹಾಕಲು ಮೂರು ವರ್ಷ ಅವಧಿಯಿದೆ. ಕೆಲಸ ನಡೆದ ಜಿಲ್ಲೆಯ ಕಾರ್ಮಿಕ ಇಲಾಖೆಗೆ ಹೋಗಿ. ಕಾರ್ಮಿಕ ಸಂಘವೂ ನಿಮ್ಮ ಪರವಾಗಿ ಅರ್ಜಿ ಹಾಕಬಹುದು.

ಅಷ್ಟರಲ್ಲಿ ಊರಿಗೆ ಹೋಗಿಬಿಟ್ಟಿದ್ದರೆ? ವಾರಾಣಸಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಸಹಾಯ ಕೇಳಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು, ಬಿಟ್ಟಿ ಚಾಕರಿಗೆ ಸಿಕ್ಕವರಿಗೆ ಆದಾಯ ಎಷ್ಟೆಂದು ನೋಡದೆ ವಕೀಲರ ನೆರವು ಉಚಿತ. ಹೊಡೆದಿದ್ದರೆ, ಕೂಡಿಹಾಕಿದ್ದರೆ ವಾರಾಣಸಿಯ ಠಾಣೆಯಲ್ಲೇ ದೂರು ಕೊಡಬಹುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ, ಅಪರಾಧ ನಮ್ಮ ಸರಹದ್ದಿನಲ್ಲಿ ನಡೆದಿಲ್ಲ ಎಂದು ಠಾಣೆಯವರು ವಾಪಸು ಕಳಿಸುವಂತಿಲ್ಲ.

ಇನ್ನು ರೇಷನ್. 2021ರ ಜೂನ್ 29ರಂದು ಸುಪ್ರೀಂ ಕೋರ್ಟ್ ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆಯನ್ನು ಎಲ್ಲ ರಾಜ್ಯಗಳೂ ಜಾರಿ ಮಾಡಬೇಕೆಂದು ಆದೇಶಿಸಿತು. ವಾರಾಣಸಿಯ ಆಹಾರ ಭದ್ರತಾ ಚೀಟಿ ಇದ್ದರೆ ಪೀಣ್ಯದ ನ್ಯಾಯಬೆಲೆ ಅಂಗಡಿಯಲ್ಲಿ ಆಧಾರ್ ಸಂಖ್ಯೆ ಹೇಳಿ, ಬೆರಳೊತ್ತಿ ಧಾನ್ಯ ಪಡೆಯಬಹುದು. ಮಗ ತನ್ನ ಪಾಲನ್ನು ಇಲ್ಲಿ ತೆಗೆದುಕೊಂಡರೆ ಊರಲ್ಲಿರುವ ಅಮ್ಮನ ಪಾಲು ತಪ್ಪುವುದಿಲ್ಲ. ಅಂಗಡಿಯವರು ಕೊಡದಿದ್ದರೆ 14445ಕ್ಕೆ ಕರೆ ಮಾಡಿ. ಹದಿನಾರು ತುಂಬಿದ ಅಸಂಘಟಿತ ಕಾರ್ಮಿಕರು ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಲಿ. ಕಟ್ಟಡ ಕೆಲಸದಲ್ಲಿ ವರ್ಷದಲ್ಲಿ 90 ದಿನ ದುಡಿದವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡು ಮಾಡಿಸಿಕೊಳ್ಳಲಿ.

ಓದುಗರಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ತಾರಸಿ ಹಾಕಲು, ಗೋಡೆಗೆ ಬಣ್ಣ ಬಳಿಯಲು ಕಾಶಿ ಕಡೆಯವರು ಬಂದಿದ್ದರೆ ಕನ್ನಡ ಓದಲು ಬಾರದ ಅವರಿಗೆ ಈ ವಿಷಯ ಬಾಯಿಮಾತಿನಲ್ಲಿ ಹೇಳಿ. ಅವರ ಡೈರಿಯಲ್ಲಿ ಒಂದು ನಂಬರು ಬರೆದುಕೊಡಿ: 15100. ಅದು ಕಾನೂನು ಸೇವಾ ಪ್ರಾಧಿಕಾರದ ಉಚಿತ ಸಹಾಯವಾಣಿ.