ಮಾಧವಿಯ ನಿರಾಕರಣೆ: ಮೂಲಕಥೆ ಮತ್ತು ಮರುಸೃಷ್ಟಿ

ಮಹಾಭಾರತದ ಉದ್ಯೋಗಪರ್ವದಲ್ಲಿ ನಾರದನು ದುರ್ಯೋಧನನಿಗೆ ಗಾಲವನ ಉಪಾಖ್ಯಾನವನ್ನು ಹೇಳುವುದು ಹಟದ ಕೇಡನ್ನು ತಿಳಿಸಲು. ಗುರು ವಿಶ್ವಾಮಿತ್ರ ಬೇಡವೆಂದರೂ ಗಾಲವ ದಕ್ಷಿಣೆ ಕೊಟ್ಟೇ ತೀರುವೆನೆಂದು ಹಟ ಹಿಡಿಯುತ್ತಾನೆ. ಒಂದು ಕಿವಿ ಕಪ್ಪಾದ 800 ಬಿಳಿ ಕುದುರೆಗಳನ್ನು ತರುವ ಹೊಣೆ ಅವನ ಮೇಲೆ ಬೀಳುತ್ತದೆ. ಕುದುರೆ ಕೊಡಲಾರದ ಯಯಾತಿ ಮಗಳು ಮಾಧವಿಯನ್ನೇ ಕೊಟ್ಟು ಕಳುಹಿಸುತ್ತಾನೆ. ಹರ್ಯಶ್ವ, ದಿವೋದಾಸ, ಉಶೀನರ ಈ ಮೂವರು ಅರಸರು ತಲಾ 200 ಕುದುರೆಗಳನ್ನು ಶುಲ್ಕವಾಗಿತ್ತು ಅವಳಲ್ಲಿ ಒಬ್ಬೊಬ್ಬ ಮಗನನ್ನು ಪಡೆಯುತ್ತಾರೆ. ಉಳಿದ 200ಕ್ಕೆ ಬದಲಾಗಿ ವಿಶ್ವಾಮಿತ್ರನೇ ಅವಳನ್ನು ಸ್ವೀಕರಿಸುತ್ತಾನೆ. ಪ್ರತಿ ಹೆರಿಗೆಯ ನಂತರವೂ ಮತ್ತೆ ಕನ್ಯೆಯಾಗುವ ವರ ಅವಳಿಗಿದೆ. ಈ ವರವೇ ವಿನಿಮಯವನ್ನು ಸಾಧ್ಯವಾಗಿಸುತ್ತದೆ. ಕೊನೆಗೆ ಸ್ವಯಂವರದಲ್ಲಿ ನೆರೆದವರನ್ನೆಲ್ಲ ಬಿಟ್ಟು ಅವಳು ವನವನ್ನೇ ವರಿಸುತ್ತಾಳೆ.

ಮೂಲದಲ್ಲಿ ಗಾಲವ ಮಾಧವಿಯರ ನಡುವೆ ಪ್ರೇಮದ ಪ್ರಸಂಗವಿಲ್ಲ. ಹಿಂದಿಯ ಭೀಷ್ಮ ಸಾಹನಿಯವರು (1915–2003) ‘ಮಾಧವಿ’ ನಾಟಕದಲ್ಲಿ ಅದನ್ನು ಕಲ್ಪಿಸಿ ಕಥೆಯ ಅರ್ಥವನ್ನೇ ಬದಲಿಸಿದ್ದಾರೆ. ಇಲ್ಲಿ ಮಾಧವಿ ಎಲ್ಲವನ್ನೂ ಸಹಿಸುವುದು ತಂದೆಯ ಮಾತಿಗಾಗಿ ಮಾತ್ರವಲ್ಲ, ಗಾಲವನ ಮೇಲಿನ ಒಲವಿಗಾಗಿಯೂ ಹೌದು. ಗುರುವಿನ ಋಣ ತೀರಿದ ದಿನ ಅವಳು ವರವನ್ನು ಬಳಸದೆ, ಬಳಲಿದ ತಾಯಿಯಾಗಿಯೇ ಅವನೆದುರು ನಿಲ್ಲುತ್ತಾಳೆ. ಗಾಲವ ಹಿಂಜರಿಯುತ್ತಾನೆ. ಗುರುವಿನ ಆಶ್ರಮದಲ್ಲಿ ಇದ್ದವಳನ್ನು ವರಿಸುವುದು ಹೇಗೆಂಬ ಧರ್ಮದ ನೆಪವೂ ಅವನಿಗೆ ಒದಗುತ್ತದೆ. ಅವನ ಪ್ರೇಮ ಎಷ್ಟರದೆಂಬುದು ಆ ಗಳಿಗೆಯಲ್ಲಿ ಅವಳಿಗೆ ತಿಳಿಯುತ್ತದೆ.

ಈ ಸನ್ನಿವೇಶದಲ್ಲಿ ಗಮನಿಸಬೇಕಾದುದು ಗಾಲವನ ಹಿಂಜರಿಕೆಗಿಂತ ಮಾಧವಿಯ ನಿರ್ಧಾರ. ಅನುಷ್ಠಾನ ನಡೆಸಿ ಯೌವನವನ್ನು ಮರಳಿ ಪಡೆದಿದ್ದರೆ ಪ್ರಿಯಕರ ಅವಳಿಗೆ ದಕ್ಕುತ್ತಿದ್ದನೇನೋ. ಆದರೆ ಯಾವ ಗುಣದಿಂದ ತಾನು ಪದಾರ್ಥವಾದಳೋ ಅದನ್ನೇ ಮತ್ತೊಮ್ಮೆ ಒಡ್ಡಬೇಕಾಗುತ್ತಿತ್ತು. ಅರಸರು ಕೇಳಿದ ಬೆಲೆಗೂ ಗಾಲವ ಬಯಸಿದ ರೂಪಕ್ಕೂ ಆಗ ಅಂತರವೇ ಉಳಿಯದು. ಆದ್ದರಿಂದ ಅವಳು ಬಿಟ್ಟುಹೋಗುವುದು ಪ್ರೇಮಭಂಗದ ದುಃಖವಷ್ಟೇ ಅಲ್ಲ, ಮೊದಲ ಬಾರಿಗೆ ತನಗಾಗಿ ಮಾಡಿಕೊಂಡ ಆಯ್ಕೆ.

ಮಹಾಕಾವ್ಯದ ವನಗಮನಕ್ಕೂ ಇದಕ್ಕೂ ವ್ಯತ್ಯಾಸವಿದೆ. ಅಲ್ಲಿ ಮಾಧವಿ ಜಿಂಕೆಯಂತೆ ಹುಲ್ಲು ಮೇಯುತ್ತ ತಪಸ್ವಿನಿಯಾಗುತ್ತಾಳೆ. ಸ್ವರ್ಗದಿಂದ ಜಾರಿದ ಯಯಾತಿಗೆ ತಾನು ಗಳಿಸಿದ ಧರ್ಮದ ಅರ್ಧವನ್ನೂ ಕೊಡುತ್ತಾಳೆ. ಕಾಡಿಗೆ ಹೋದರೂ ಕೊಡುವ ಪಾತ್ರ ಅವಳಿಗೆ ತಪ್ಪಲಿಲ್ಲ. ನಾಟಕದ ಮಾಧವಿ ಆ ಸರಪಳಿಯನ್ನು ಕಡಿದು ನಡೆಯುತ್ತಾಳೆ.

ಕನ್ನಡದಲ್ಲಿ ಅನುಪಮಾ ನಿರಂಜನರೂ (1934–1991) ಇದೇ ವಸ್ತುವನ್ನು ‘ಮಾಧವಿ’ ಕಾದಂಬರಿಗೆ ಆರಿಸಿಕೊಂಡರು. ವೃತ್ತಿಯಿಂದ ವೈದ್ಯೆಯಾಗಿದ್ದ ಲೇಖಕಿಗೆ ಹೆರುವ ಒಡಲೇ ವ್ಯಾಪಾರದ ಸರಕಾಗುವ ಈ ಕಥೆ ಕೇವಲ ಪುರಾಣವಾಗಿ ಕಂಡಿರಲಾರದು. ಹೊರನಾಡಿನ ಕನ್ನಡ ವಿದ್ಯಾರ್ಥಿಗೆ ಸಂಸ್ಕೃತ, ಹಿಂದಿ, ಕನ್ನಡದ ಈ ಮೂರು ಪಠ್ಯಗಳು ತೌಲನಿಕ ಅಧ್ಯಯನಕ್ಕೆ ಹತ್ತಿರದ ಸಾಮಗ್ರಿ. ದಾನ, ಋಣ, ಒಲವು ಎಂಬ ದೊಡ್ಡ ಮಾತುಗಳು ಯಾರ ಒಡಲಿನ ಮೇಲೆ ನಿಂತಿವೆ ಎಂಬ ಪ್ರಶ್ನೆಯಿಂದ ಆ ಅಧ್ಯಯನ ಆರಂಭವಾಗಬೇಕು.