ದೀಕ್ಷಾಸ್ನಾನ: ಪದ, ಅರ್ಥ, ಆಚರಣೆ

ಹತ್ತೊಂಬತ್ತನೆಯ ಶತಮಾನದ ಕನ್ನಡ ಸಾಹಿತ್ಯವನ್ನು ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಮಿಶನರಿಗಳ ನಿಘಂಟು, ವ್ಯಾಕರಣ, ಪತ್ರಿಕೆಗಳ ಪರಿಚಯವಿರುತ್ತದೆ. ಆ ಕೆಲಸಗಳ ಹಿಂದಿದ್ದ ಧಾರ್ಮಿಕ ಕಲ್ಪನೆಗಳ ಪರಿಚಯ ಅಷ್ಟಾಗಿ ಇರುವುದಿಲ್ಲ. ಅವುಗಳಲ್ಲಿ ಮುಖ್ಯವಾದುದು ದೀಕ್ಷಾಸ್ನಾನ. ವ್ಯಕ್ತಿಯೊಬ್ಬನನ್ನು ನೀರಿನ ಮೂಲಕ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರವಿದು. ಒಮ್ಮೆ ಮಾತ್ರ ನಡೆಯುವಂಥದು, ಮರಳಿ ಮಾಡುವಂಥದಲ್ಲ.

ಪದದ ವಿಚಾರ

ಮೂಲ ಗ್ರೀಕ್ ಧಾತು 'ಬಾಪ್ಟಿಜೋ'. ಅದ್ದು, ಮುಳುಗಿಸು ಎಂಬುದು ಅದರ ಅರ್ಥ. ಇದರ ಸೋದರ ಧಾತು 'ಬಾಪ್ಟೋ' ಬಟ್ಟೆಯನ್ನು ಬಣ್ಣದಲ್ಲಿ ಅದ್ದುವುದಕ್ಕೂ ಬಳಕೆಯಾಗುತ್ತಿತ್ತು. ಈ ಪದವನ್ನು ಭಾರತೀಯ ಭಾಷೆಗಳು ಬೇರೆಬೇರೆ ರೀತಿಯಲ್ಲಿ ಬರಮಾಡಿಕೊಂಡವು. ತೆಲುಗಿನ 'ಬಾಪ್ತಿಸ್ಮಮು', ಮರಾಠಿಯ 'ಬಾಪ್ತಿಸ್ಮಾ' ಗ್ರೀಕ್ ರೂಪವನ್ನೇ ಉಳಿಸಿಕೊಂಡಿವೆ. ತಮಿಳು 'ಞಾನಸ್ನಾನಂ' ಎಂದಿತು. ಮಲಯಾಳದಲ್ಲಿ 'ಸ್ನಾನಂ' ಎಂಬುದರ ಜೊತೆಗೆ ಸಿರಿಯನ್ ಕ್ರೈಸ್ತರ 'ಮಾಮ್ಮೋದೀಸ' ಇದೆ. ಇದು ಸಿರಿಯಾಕ್ ಭಾಷೆಯಿಂದ ಬಂದುದು. ಕನ್ನಡದಲ್ಲಿ ಬಾಪ್ತಿಸ್ಮ, ಜ್ಞಾನಸ್ನಾನ, ಸ್ನಾನದೀಕ್ಷೆ, ದೀಕ್ಷಾಸ್ನಾನ ಎಂಬ ರೂಪಗಳೆಲ್ಲ ಬಳಕೆಯಲ್ಲಿವೆ. ಗಡಿನಾಡಿನ ಕನ್ನಡಿಗನ ಕಿವಿಗೆ ಇವುಗಳಲ್ಲಿ ಎರಡು ಮೂರಾದರೂ ಬಿದ್ದಿರುತ್ತವೆ.

'ದೀಕ್ಷಾಸ್ನಾನ' ತತ್ಪುರುಷ ಸಮಾಸ. ದೀಕ್ಷೆ ಎಂಬ ಪದವು ಕನ್ನಡಕ್ಕೆ ಹೊಸದಲ್ಲ. ಯಜ್ಞಕ್ಕೆ ಕುಳಿತವನ ದೀಕ್ಷೆ, ಜೈನ ಮುನಿಯ ದೀಕ್ಷೆ, ವೀರಶೈವರ ಲಿಂಗದೀಕ್ಷೆ ಇವೆಲ್ಲ ಆ ಪದದೊಳಗೆ ನೆಲೆಸಿವೆ. ಹಳೆಯ ಬದುಕನ್ನು ಬಿಟ್ಟು ಹೊಸದಕ್ಕೆ ಕಾಲಿಡುವುದು, ಒಂದು ಸಮುದಾಯದ ಶಿಸ್ತಿಗೆ ಒಳಪಡುವುದು ಎಂಬ ಭಾವ ಎಲ್ಲಕ್ಕೂ ಸಮಾನ. ಆದರೆ ಹೋಲಿಕೆಗೆ ಒಂದು ಮೇರೆಯಿದೆ. ಲಿಂಗದೀಕ್ಷೆಯಲ್ಲಿ ಗುರುವು ಶಿಷ್ಯನ ಕರಸ್ಥಲಕ್ಕೆ ಇಷ್ಟಲಿಂಗವನ್ನು ಅನುಗ್ರಹಿಸುತ್ತಾನೆ. ದೀಕ್ಷಾಸ್ನಾನದಲ್ಲಿ ಅಂಥ ಆರಾಧ್ಯ ವಸ್ತುವಿಲ್ಲ. ನೀರು ಮತ್ತು ವಚನ ಇವೆರಡೇ ಅದರ ಸಾಧನ. 'ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ' ಎಂಬ ಮಾತಿಲ್ಲದೆ ನೀರಷ್ಟೇ ಸಂಸ್ಕಾರವಾಗದು.

ಪದದ ಆಯ್ಕೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಂಗಾಳದ ಬ್ಯಾಪ್ಟಿಸ್ಟ್ ಅನುವಾದಕರು ಗ್ರೀಕ್ ಪದವನ್ನು 'ಮುಳುಗಿಸು' ಎಂಬ ಅರ್ಥ ಬರುವಂತೆಯೇ ಅನುವಾದಿಸಿದರು. ಬೇರೆ ಸಭೆಗಳು ತಲೆಯ ಮೇಲೆ ನೀರು ಹೊಯ್ಯುವ ಕ್ರಮವನ್ನೂ ಒಪ್ಪುತ್ತಿದ್ದುದರಿಂದ ಆ ಅನುವಾದಕ್ಕೆ ನೆರವು ನೀಡಲು ಬ್ರಿಟಿಷ್ ಆ್ಯಂಡ್ ಫಾರಿನ್ ಬೈಬಲ್ ಸೊಸೈಟಿ ನಿರಾಕರಿಸಿತು. ಬ್ಯಾಪ್ಟಿಸ್ಟರು 1840ರಲ್ಲಿ ತಮ್ಮದೇ ಅನುವಾದ ಸಂಸ್ಥೆಯನ್ನು ಕಟ್ಟಿಕೊಂಡರು. ಒಂದು ಕ್ರಿಯಾಪದಕ್ಕಾಗಿ ಸಂಸ್ಥೆಗಳು ಬೇರೆಯಾದವು. 'ಸ್ನಾನ' ಎಂಬ ಪದವಾದರೋ ನೀರಿನ ಪ್ರಮಾಣವನ್ನು ಹೇಳುವುದಿಲ್ಲ. ಮುಳುಗಿದರೂ ಸ್ನಾನ, ಹೊಯ್ದುಕೊಂಡರೂ ಸ್ನಾನ.

ಮೂಲ ಮತ್ತು ಅರ್ಥ

ಶುದ್ಧಿಗಾಗಿ ನೀರಿನಲ್ಲಿ ಮುಳುಗುವ ಪದ್ಧತಿ ಯೆಹೂದ್ಯರಲ್ಲಿ ಮೊದಲೇ ಇತ್ತು. ಯೋಹಾನನು ಅದಕ್ಕೆ ಪಶ್ಚಾತ್ತಾಪದ ಅರ್ಥವನ್ನು ಕೊಟ್ಟು ಜನರನ್ನು ಯೊರ್ದಾನ್ ಹೊಳೆಗೆ ಕರೆದನು. ಯೇಸುವೂ ಅವನಿಂದಲೇ ಸ್ನಾನ ಹೊಂದಿದನೆಂದು ಸುವಾರ್ತೆಗಳು ಹೇಳುತ್ತವೆ. ಮತ್ತಾಯನ ಸುವಾರ್ತೆಯ ಕೊನೆಯಲ್ಲಿ ಎಲ್ಲ ಜನಾಂಗಗಳನ್ನೂ ಶಿಷ್ಯರನ್ನಾಗಿ ಮಾಡಿ ದೀಕ್ಷಾಸ್ನಾನ ಮಾಡಿಸಬೇಕೆಂಬ ಆಜ್ಞೆಯಿದೆ.

ಇದಕ್ಕೆ ತಾತ್ತ್ವಿಕ ರೂಪ ಕೊಟ್ಟವನು ಪೌಲ. ರೋಮಾಪುರದವರಿಗೆ ಬರೆದ ಪತ್ರಿಕೆಯ ಆರನೆಯ ಅಧ್ಯಾಯದಲ್ಲಿ ನೀರು ತೊಳೆಯುವ ವಸ್ತುವಷ್ಟೇ ಆಗಿ ಉಳಿಯದೆ ಸಮಾಧಿಯಾಗುತ್ತದೆ. ನೀರಿಗಿಳಿಯುವವನು ಕ್ರಿಸ್ತನೊಡನೆ ಹೂಳಲ್ಪಡುತ್ತಾನೆ, ಮೇಲೇಳುವವನು ಹೊಸ ಜೀವಕ್ಕೆ ಏಳುತ್ತಾನೆ. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ರೂಪಕವು ಬಟ್ಟೆಯದು: ದೀಕ್ಷಾಸ್ನಾನ ಹೊಂದಿದವನು ಕ್ರಿಸ್ತನನ್ನು ಧರಿಸಿಕೊಂಡವನು. ಹಾಗೆ ಧರಿಸಿಕೊಂಡವರಲ್ಲಿ ಯೆಹೂದ್ಯ ಗ್ರೀಕ, ಆಳು ಒಡೆಯ, ಗಂಡು ಹೆಣ್ಣು ಎಂಬ ಭೇದವಿಲ್ಲವೆಂದು ಪೌಲನು ಮುಂದುವರಿಯುತ್ತಾನೆ. ಈ ಮಾತು ಜಾತಿಯ ಸಮಾಜಕ್ಕೆ ಬಂದಾಗ ಏನಾಯಿತೆಂಬುದನ್ನು ಮುಂದೆ ನೋಡಬಹುದು.

ಆಚರಣೆ ಬೆಳೆದ ಬಗೆ

'ದಿದಾಖೆ' ಎಂಬ ಪ್ರಾಚೀನ ಕೈಪಿಡಿ ಹರಿಯುವ ನೀರು ಶ್ರೇಷ್ಠವೆನ್ನುತ್ತದೆ. ಅದಿಲ್ಲದಿದ್ದರೆ ಬೇರೆ ನೀರು. ತಣ್ಣೀರು ಆಗದಿದ್ದರೆ ಬೆಚ್ಚನೆಯ ನೀರು. ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ದರೆ ಸಾಕು. ಆದರ್ಶ ಮತ್ತು ಅನಿವಾರ್ಯ ಎರಡನ್ನೂ ಒಪ್ಪುವ ವಿವೇಕ ಇಲ್ಲಿದೆ. ಮುಂದಿನ ಶತಮಾನಗಳಲ್ಲಿ ದೀರ್ಘಕಾಲದ ಬೋಧನೆ, ಉಪವಾಸ, ಸೈತಾನನನ್ನು ತ್ಯಜಿಸುವ ಪ್ರತಿಜ್ಞೆ, ಎಣ್ಣೆಯ ಲೇಪನ, ಬಿಳಿಯ ಉಡುಪು ಸೇರಿಕೊಂಡವು. ಈಸ್ಟರ್ ಹಬ್ಬದ ರಾತ್ರಿ ಇದಕ್ಕೆ ವಿಶೇಷವಾಗಿ ಒಪ್ಪಿದ ಕಾಲವಾಯಿತು. 387ರಲ್ಲಿ ಮಿಲಾನ್ ನಗರದಲ್ಲಿ ಆಗಸ್ಟೀನನು ಆಂಬ್ರೋಸನಿಂದ ಸಂಸ್ಕಾರ ಪಡೆದುದು ಅಂಥ ರಾತ್ರಿಯಲ್ಲಿ. ಸ್ನಾನದ ಬಳಿಕ ಮಾಡಿದ ಪಾಪಕ್ಕೆ ಪರಿಹಾರ ಕಠಿನವೆಂಬ ಭಯದಿಂದ ಕೆಲವರು ಅದನ್ನು ಮುಂದೂಡುತ್ತಿದ್ದರು. ಚಕ್ರವರ್ತಿ ಕಾನ್‌ಸ್ಟಂಟೈನನು ದೀಕ್ಷಾಸ್ನಾನ ಹೊಂದಿದ್ದು 337ರಲ್ಲಿ, ಮರಣಶಯ್ಯೆಯಲ್ಲಿ.

ಕಾಲಕ್ರಮದಲ್ಲಿ ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದೇ ಸಾಮಾನ್ಯ ರೂಢಿಯಾಯಿತು. ದೇವರ ಕೃಪೆ ಮನುಷ್ಯನ ತಿಳಿವಿಗಿಂತ ಮೊದಲು ಬರುತ್ತದೆ ಎಂಬುದು ಅದರ ಸಮರ್ಥನೆ. ಮಗುವಿನ ಪರವಾಗಿ ತಂದೆತಾಯಿ ಮತ್ತು ಜ್ಞಾನಪಿತೃಗಳು ಮಾತು ಕೊಡುತ್ತಾರೆ. ಬೆಳೆದ ಮೇಲೆ ದೃಢೀಕರಣವಿರುತ್ತದೆ. ಸ್ವಂತ ನಂಬಿಕೆಯನ್ನು ಬಾಯಾರೆ ಹೇಳಲಾರದವನಿಗೆ ದೀಕ್ಷೆಯೇ ಇಲ್ಲವೆಂಬುದು ಎದುರು ವಾದ. 1525ರ ಜನವರಿಯಲ್ಲಿ ಜ್ಯೂರಿಕ್ ನಗರದ ಒಂದು ಸಣ್ಣ ಗುಂಪು ವಯಸ್ಕರಿಗೆ ಮತ್ತೆ ದೀಕ್ಷಾಸ್ನಾನ ಕೊಟ್ಟಿತು. ನಗರಸಭೆ ಅದನ್ನು ಮರಣದಂಡನೆಯ ಅಪರಾಧವೆಂದು ಸಾರಿತು. ಆ ಗುಂಪಿನ ಫೆಲಿಕ್ಸ್ ಮಾಂಟ್ಸ್ ಎಂಬವನನ್ನು 1527ರಲ್ಲಿ ಲಿಮ್ಮಾಟ್ ಹೊಳೆಯಲ್ಲಿ ಮುಳುಗಿಸಿ ಕೊಲ್ಲಲಾಯಿತು. ಜೀವದ ಸಂಕೇತವಾದ ನೀರೇ ಶಿಕ್ಷೆಯ ಸಾಧನವಾಯಿತು. ಇಂದು ಕ್ಯಾಥೊಲಿಕ್, ಆರ್ಥಡಾಕ್ಸ್, ದಕ್ಷಿಣ ಭಾರತ ಸಭೆಗಳು ಶಿಶುಗಳಿಗೂ ದೀಕ್ಷಾಸ್ನಾನ ಕೊಡುತ್ತವೆ. ಬ್ಯಾಪ್ಟಿಸ್ಟ್, ಪೆಂಟೆಕೋಸ್ಟ್ ಸಭೆಗಳು ತಿಳಿವು ಬಂದವರನ್ನು ಮಾತ್ರ ಪೂರ್ಣವಾಗಿ ಮುಳುಗಿಸುತ್ತವೆ.

ಕನ್ನಡ ನೆಲದಲ್ಲಿ

ಬಾಸೆಲ್ ಮಿಶನ್ 1834ರಲ್ಲಿ ಮಂಗಳೂರಿಗೆ ಬಂದಿತು. 1844ರ ಜನವರಿಯಲ್ಲಿ ಸಾರಸ್ವತ ಬ್ರಾಹ್ಮಣ ತರುಣ ಆನಂದರಾವ್ ಕೌಂಡಿನ್ಯನು ಹರ್ಮನ್ ಮೋಗ್ಲಿಂಗನಿಂದ ದೀಕ್ಷಾಸ್ನಾನ ಹೊಂದಿದನು. ಗುರುವಿನ ಹೆಸರನ್ನು ಮುಂದಿಟ್ಟು ಹರ್ಮನ್ ಆನಂದರಾವ್ ಕೌಂಡಿನ್ಯನಾದನು. ಬಳಿಕ ಬಾಸೆಲಿನಲ್ಲಿ ಕಲಿತು ಮಿಶನರಿಯಾಗಿ ಹಿಂದಿರುಗಿದನು. ಹಳೆಯ ಹೆಸರು, ಗೋತ್ರಸೂಚಕವಾದ ಕುಲನಾಮ ಎರಡೂ ಹೊಸ ಹೆಸರಿನೊಳಗೆ ಉಳಿದುಕೊಂಡಿರುವುದು ಗಮನಾರ್ಹ.

ಈ ಪ್ರಸಂಗದ ತೂಕವನ್ನು ತಿಳಿಯಲು ಆಗಿನ ಸಮಾಜದ ಒಂದು ನಿಯಮವನ್ನು ನೆನೆಯಬೇಕು. ಮಿಶನರಿಯ ಬೋಧನೆ ಕೇಳಿದವನು, ಬೈಬಲ್ ಓದಿದವನು, ಮನಸ್ಸಿನಲ್ಲಿ ನಂಬಿದವನು ಕೂಡ ಜಾತಿಯೊಳಗೆ ಉಳಿಯಬಹುದಾಗಿತ್ತು. ನೀರು ತಲೆಗೆ ಬಿದ್ದ ಕ್ಷಣದಿಂದ ಅವನು ಹೊರಗಿನವನು. ಊಟದ ಪಂಕ್ತಿ, ಮನೆಯ ಹೊಸ್ತಿಲು, ಪಿತ್ರಾರ್ಜಿತದ ಪಾಲು ಎಲ್ಲವೂ ಸಂದೇಹಕ್ಕೆ ಬೀಳುತ್ತಿದ್ದವು. ಧರ್ಮ ಬದಲಿಸಿದವನ ಆಸ್ತಿಹಕ್ಕು ನಷ್ಟವಾಗಬಾರದೆಂದು 1850ರಲ್ಲಿ ಕಾನೂನೇ ಬರಬೇಕಾಯಿತು. ಆದರೆ ಸಂಸಾರದ ಬಿರುಕನ್ನು ಕಾನೂನು ಮುಚ್ಚಲಾರದು. ಮರಾಠಿ ಕವಿ ನಾರಾಯಣ ವಾಮನ ಟಿಳಕರು 1895ರಲ್ಲಿ ದೀಕ್ಷಾಸ್ನಾನ ಹೊಂದಿದಾಗ ಪತ್ನಿ ಲಕ್ಷ್ಮೀಬಾಯಿ ವರ್ಷಗಳ ಕಾಲ ಅವರಿಂದ ದೂರವಿರಬೇಕಾಯಿತು. ಮುಂದೆ ತಾವೂ ಆ ದಾರಿ ಹಿಡಿದರು. ಅವರ ಆತ್ಮಕಥೆ 'ಸ್ಮೃತಿಚಿತ್ರೇ' ಆ ಕಾಲವನ್ನು ಹೆಣ್ಣಿನ ಕಣ್ಣಿನಿಂದ ಕಾಣಿಸುತ್ತದೆ.

ನೀಲಗಿರಿಯ ಕೇತಿಯಲ್ಲಿ 1846ರಲ್ಲಿ ಬಾಸೆಲ್ ಮಿಶನ್ ಬಡಗರ ನಡುವೆ ಕೆಲಸ ಆರಂಭಿಸಿತು. ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ದುಡಿದ ಗಾಟ್‌ಫ್ರೀಡ್ ವೈಗ್ಲೆ ಅಲ್ಲಿ ನೆಲೆಸಿದ್ದವನು. ಅಲ್ಲಿಯೂ ದೀಕ್ಷೆಗೆ ಮುಂದಾದವರು ಮೊದಲು ಎದುರಿಸಬೇಕಾದುದು ಹಟ್ಟಿಯ ಜನರನ್ನೇ.

ಎಲ್ಲ ಭೇದವನ್ನೂ ಅಳಿಸುವ ಸ್ನಾನವೆಂದು ಪೌಲನು ಹೇಳಿದುದು ಇಲ್ಲಿ ಪ್ರವೇಶವೂ ಆಯಿತು, ಬಹಿಷ್ಕಾರವೂ ಆಯಿತು. ಸಭೆಯ ಒಳಗೂ ಹಳೆಯ ಜಾತಿಯ ನೆನಪು ಪೂರ್ತಿ ತೊಳೆದುಹೋಗಲಿಲ್ಲವೆಂಬುದು ಇತಿಹಾಸದ ಮಾತು. 'ದೀಕ್ಷೆ' ಮತ್ತು 'ಸ್ನಾನ' ಎಂಬ ಎರಡು ಹಳೆಯ ಪದಗಳನ್ನು ಕೂಡಿಸಿದ ಕನ್ನಡವು ಈ ಒಳ ಹೊರಗುಗಳೆರಡನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟಿದೆ.

ಅಭ್ಯಾಸಕ್ಕೆ

1. ದೀಕ್ಷೆ, ಸ್ನಾನ ಎಂಬ ಪದಗಳಿಗೆ ಕಿಟೆಲ್ ನಿಘಂಟು ನೀಡುವ ಅರ್ಥಗಳನ್ನು ಸಂಗ್ರಹಿಸಿರಿ.
2. ಲಿಂಗದೀಕ್ಷೆ ಹಾಗೂ ದೀಕ್ಷಾಸ್ನಾನಗಳ ಸಾಮ್ಯ ವ್ಯತ್ಯಾಸಗಳನ್ನು ವಿವರಿಸಿರಿ.
3. ಧಾರ್ಮಿಕ ಪಾರಿಭಾಷಿಕ ಪದವನ್ನು ಹಾಗೆಯೇ ಉಳಿಸುವುದು, ಅನುವಾದಿಸುವುದು ಇವೆರಡರ ಗುಣದೋಷಗಳನ್ನು ಗಡಿಭಾಷೆಗಳ ನಿದರ್ಶನದಿಂದ ಚರ್ಚಿಸಿರಿ.